ಡೆಕ್‌ಗೆ ಮರ ಆರಿಸಲು ಗಟ್ಟಿತನದ ಅಂಕಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಯಲಿಗೆ ಹಾಸುವ ಮರದ ಡೆಕ್ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಅದರ ಮುಖ್ಯ ಸಲಹೆ ಓದಿ ಸುಮ್ಮನಿರಲು ಆಗಲಿಲ್ಲ. ಬಿಸಿಲು, ಮಳೆ, ಚಳಿ ಜೋರಾಗಿರುವ ಕಡೆ ಸಿಗುವುದರಲ್ಲೇ ಅತಿ ಗಟ್ಟಿಯಾದ ಮರ ಆರಿಸಿ, ಮರದ ಗಟ್ಟಿತನ ಅಳೆಯುವ ಜಾಂಕಾ ಅಂಕಿ ಎಷ್ಟು ದೊಡ್ಡದೋ ಅಷ್ಟು ಬಾಳಿಕೆ ಎಂದು ಅಲ್ಲಿ ಬರೆದಿತ್ತು. ಇದನ್ನು ನಂಬಿ ಮರ ಕೊಳ್ಳುವವರು ಬಹಳ ಜನ ಇದ್ದಾರೆ. ಅವರಿಗಾಗಿ ಈ ಪತ್ರ.

ನಾನು ಬಡಗಿ. ಮನೆಯೊಳಗಿನ ಕೆಲಸಕ್ಕಿಂತ ಹೊರಗಿನ ಮರಗೆಲಸವೇ ನನ್ನದು ಜಾಸ್ತಿ. ಅದರಲ್ಲೂ ಹೊಸ ಡೆಕ್ ಕಟ್ಟುವುದಕ್ಕಿಂತ ಕೆಟ್ಟುಹೋದದ್ದನ್ನು ಬಿಚ್ಚುವುದು ಜಾಸ್ತಿ. ಬಿಚ್ಚುವ ಕೆಲಸ ಕಟ್ಟುವ ಕೆಲಸಕ್ಕಿಂತ ಹೆಚ್ಚು ಕಲಿಸುತ್ತದೆ. ಮೇಲಿನಿಂದ ನೋಡಿದರೆ ನೆಟ್ಟಗಿರುವ ಹಲಗೆಯನ್ನು ಮಗುಚಿ ಹಾಕಿದಾಗ, ಅದು ಯಾಕೆ ಕೆಟ್ಟಿತು ಎಂಬುದು ಅದರ ಹೊಟ್ಟೆಯಲ್ಲೇ ಬರೆದಿರುತ್ತದೆ. ಹಾಗೆ ನೋಡಿದ ಹಲಗೆಗಳಲ್ಲಿ ಗಟ್ಟಿತನ ಸಾಲದೆ ಕೆಟ್ಟದ್ದು ತೀರಾ ಕಡಿಮೆ. ನೀರು ಹೋಗಲು ದಾರಿ ಇಲ್ಲದೆ ಕೆಟ್ಟದ್ದು, ಸರಿಯಾಗಿ ಒಣಗಿಸದೆ ಕೆಟ್ಟದ್ದು, ಮರದ ಹೊರಗಿನ ಬಿಳಿ ಭಾಗ ಸೇರಿಕೊಂಡಿದ್ದಕ್ಕೆ ಕೆಟ್ಟದ್ದೇ ಹೆಚ್ಚು.

ಮೊದಲು ಆ ಅಂಕಿಯ ಮಾತು. ಗೇಬ್ರಿಯಲ್ ಜಾಂಕಾ ಎಂಬವರು 1906ರಲ್ಲಿ ರೂಪಿಸಿದ ಪರೀಕ್ಷೆ ಅದು. 11.28 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡನ್ನು ಮರದ ಮೇಲಿಟ್ಟು, ಅದು ಅರ್ಧ ಒಳಗೆ ಇಳಿಯುವ ತನಕ ಒತ್ತುತ್ತಾರೆ. ಅಷ್ಟು ಇಳಿಸಲು ಎಷ್ಟು ಬಲ ಬೇಕಾಯಿತು ಎಂಬುದೇ ಜಾಂಕಾ ಅಂಕಿ. ಕುರ್ಚಿ ಎಳೆದಾಗ ಗೀರು ಬೀಳುತ್ತದೆಯೇ, ಚೂಪು ಹಿಮ್ಮಡಿಯ ಚಪ್ಪಲಿ ತುಳಿದರೆ ಕುಳಿ ಬೀಳುತ್ತದೆಯೇ ಎನ್ನುವುದಕ್ಕೆ ಅದು ಒಳ್ಳೆಯ ಉತ್ತರ ಕೊಡುತ್ತದೆ. ಮಳೆಯಲ್ಲಿ ಕೊಳೆಯುತ್ತದೆಯೇ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ.

ತೇಗದ ಜಾಂಕಾ ಅಂಕಿ ಸುಮಾರು 1,070 ಪೌಂಡ್ ಬಲ. ಹಾರ್ಡ್ ಮೇಪಲ್‌ನದು 1,450. ಹಿಕ್ಕರಿಯದು 1,820ರ ಹತ್ತಿರ. ಲೇಖನದ ಲೆಕ್ಕ ಹಿಡಿದರೆ ಮೇಪಲ್ ಮತ್ತು ಹಿಕ್ಕರಿ ತೇಗಕ್ಕಿಂತ ಮೇಲು. ಆದರೆ ಅವೆರಡನ್ನೂ ಬಯಲಿಗೆ ಹಾಸಿದರೆ ಕೆಲವೇ ಮಳೆಗಾಲದಲ್ಲಿ ಕುಂಬಾಗುತ್ತವೆ. ತೇಗವನ್ನು ನೂರಾರು ವರ್ಷಗಳಿಂದ ಹಡಗಿನ ಮೇಲ್ಹಾಸಿಗೆ ಬಳಸುತ್ತಾ ಬಂದಿದ್ದಾರೆ. ಇನ್ನೊಂದು ಕಡೆ ವೆಸ್ಟರ್ನ್ ರೆಡ್ ಸೀಡರ್ ನೋಡಿ. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆದು, ಜಾಂಕಾ 350. ಆದರೂ ಕೊಳೆಯುವುದನ್ನು ಚೆನ್ನಾಗಿ ತಡೆಯುತ್ತದೆ.

ಓಕ್ ಮರದ್ದು ಇನ್ನೂ ಒಳ್ಳೆಯ ಉದಾಹರಣೆ. ಕೆಂಪು ಓಕ್ ಮತ್ತು ಬಿಳಿ ಓಕ್ ಎರಡೂ ಹತ್ತಿರದ ಜಾತಿಗಳು. ಗಟ್ಟಿತನದಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಕೆಂಪು ಓಕ್‌ನ ಚಿಕ್ಕ ತುಂಡೊಂದರ ಕಡಿದ ತುದಿಗೆ ಬಾಯಿಟ್ಟು ಊದಿ, ಇನ್ನೊಂದು ತುದಿಯನ್ನು ನೀರಿನಲ್ಲಿ ಅದ್ದಿ. ಗುಳ್ಳೆಗಳು ಏಳುತ್ತವೆ. ಅಂದರೆ ಅದರ ಒಳಗಿನ ಕೊಳವೆಗಳು ಆಚೆಯಿಂದ ಈಚೆಗೆ ತೆರೆದೇ ಇರುತ್ತವೆ, ಮಳೆ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಬಿಳಿ ಓಕ್‌ನ ಕೆಚ್ಚಿನಲ್ಲಿ, ಅಂದರೆ ಕಾಂಡದ ನಡುವಿನ ಬಲಿತ ಭಾಗದಲ್ಲಿ, ಅದೇ ಕೊಳವೆಗಳನ್ನು ಮರವೇ ಮುಚ್ಚಿಕೊಂಡಿರುತ್ತದೆ. ಎಷ್ಟು ಊದಿದರೂ ಗಾಳಿ ಹೋಗುವುದಿಲ್ಲ. ಅದಕ್ಕೇ ಬಿಳಿ ಓಕ್‌ನಿಂದ ಪೀಪಾಯಿ, ದೋಣಿ ಮಾಡಿದರು. ಕೆಂಪು ಓಕ್ ಮನೆಯೊಳಗೆ ಉಳಿಯಿತು. ಗುಂಡನ್ನು ಒತ್ತಿ ನೋಡುವ ಪರೀಕ್ಷೆಯಲ್ಲಿ ಈ ಭೇದ ಕಾಣುವುದೇ ಇಲ್ಲ, ಅಲ್ವಾ?

ಮರ ಕೊಳೆಯುವುದು ಶಿಲೀಂಧ್ರದಿಂದ. ಆ ಶಿಲೀಂಧ್ರಕ್ಕೆ ತೇವ ಬೇಕು. ಮರದ ತೇವಾಂಶ 20 ಶೇಕಡಾಗಿಂತ ಕೆಳಗಿದ್ದರೆ ಅದು ಬೆಳೆಯುವುದು ಕಷ್ಟ. ತೇವ ಇದ್ದಾಗಲೂ ಕೆಲವು ಮರಗಳು ತಡೆದು ನಿಲ್ಲುತ್ತವೆ. ಕೆಚ್ಚಿನಲ್ಲಿ ಮರ ತಾನೇ ತುಂಬಿಕೊಂಡ ರಾಸಾಯನಿಕಗಳು ಅದಕ್ಕೆ ಕಾರಣ. ತೇಗದಲ್ಲಿ ಟೆಕ್ಟೋಕ್ವಿನೋನ್ ಎಂಬುದಿದೆ, ಗೆದ್ದಲಿಗೆ ಅದು ಆಗಿಬರುವುದಿಲ್ಲ. ದಕ್ಷಿಣ ಅಮೆರಿಕದ ಇಪೆ ಮರದಲ್ಲಿ ಲಪಾಚೋಲ್ ಇದೆ. ಇಪೆ ಕೊಯ್ಯುವಾಗ ಹಳದಿ ಹಸಿರು ಪುಡಿ ಹಾರುತ್ತದಲ್ಲ, ಅದರಲ್ಲಿ ಇರುವುದು ಅದೇ. ಮೈಗೆ ತಾಗಿದರೆ ಕೆಲವರಿಗೆ ತುರಿಕೆ ಆಗುತ್ತದೆ. ಮುಖಕ್ಕೆ ಮಾಸ್ಕ್ ಇಲ್ಲದೆ ಆ ಮರವನ್ನು ಕೊಯ್ಯಬಾರದು.

ಈ ರಕ್ಷಣೆ ಎಲ್ಲ ಇರುವುದು ಕೆಚ್ಚಿನಲ್ಲಿ ಮಾತ್ರ. ತೊಗಟೆಯ ಒಳಗಡೆ ಸುತ್ತಲೂ ಇರುವ ಬಿಳಿ ಭಾಗಕ್ಕೆ ಇಲ್ಲ. ತೇಗವಾಗಲಿ ಇಪೆಯಾಗಲಿ, ಯಾವ ಮರದ ಬಿಳಿ ಭಾಗವೂ ಬಯಲಿನಲ್ಲಿ ಬಾಳುವುದಿಲ್ಲ. ಹಲಗೆಯ ಒಂದು ಅಂಚಿನಲ್ಲಿ ಬೆರಳಗಲ ತಿಳಿ ಬಣ್ಣದ ಪಟ್ಟಿ ಇದ್ದರೆ, ಮೊದಲು ಕೊಳೆಯುವುದು ಆ ಪಟ್ಟಿಯೇ. ಬಿಚ್ಚಿದ ಹಲಗೆಗಳಲ್ಲಿ ಇದು ಎದ್ದು ಕಾಣುತ್ತದೆ. ಒಂದೇ ಹಲಗೆಯಲ್ಲಿ ಮುಕ್ಕಾಲು ಪಾಲು ಕಲ್ಲಿನ ಹಾಗಿರುತ್ತದೆ, ಅಂಚಿನ ಪಟ್ಟಿ ಮಾತ್ರ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಹಾಗಾಗಿ ಕೊಳ್ಳುವಾಗ ಮೇಲ್ಮುಖ ನೋಡಿ ಒಪ್ಪಬೇಡಿ. ಹಲಗೆಯನ್ನು ತಿರುಗಿಸಿ, ಅಡಿ ಮತ್ತು ಎರಡೂ ಅಂಚು ನೋಡಿ. ಎಣ್ಣೆ ಹಚ್ಚಿ ಬಣ್ಣ ಸಮ ಮಾಡಿದ ಹಲಗೆಯಾದರೆ ಕಡಿದ ತುದಿ ನೋಡಿ, ಅಲ್ಲಿ ಭೇದ ಗೊತ್ತಾಗುತ್ತದೆ.

ಬಾಳಿಕೆಗೆ ಬೇರೆಯೇ ಅಂಕಿ ಇದೆ. ಯುರೋಪಿನ ಇಎನ್ 350 ಎಂಬ ಮಾನದಂಡ ಮರಗಳನ್ನು 1ರಿಂದ 5ರ ತನಕ ವರ್ಗ ಮಾಡುತ್ತದೆ. 1 ಅತಿ ಬಾಳಿಕೆಯದು, 5 ಬೇಗ ಕೊಳೆಯುವುದು. ಸಾಮಾನ್ಯವಾಗಿ ಹೇಳುವುದು ಹೀಗೆ: ಮರದ ಗೂಟವನ್ನು ಮಣ್ಣಿನಲ್ಲಿ ಹೂತರೆ 1ನೇ ವರ್ಗದ್ದು 25 ವರ್ಷಕ್ಕೂ ಮೇಲೆ ನಿಲ್ಲುತ್ತದೆ, 5ನೇ ವರ್ಗದ್ದು 5 ವರ್ಷದೊಳಗೆ ಹೋಗುತ್ತದೆ. ಇಪೆ, ದಕ್ಷಿಣ ಅಮೆರಿಕದ್ದೇ ಆದ ಕುಮಾರು ಮರ, ಎರಡೂ 1ನೇ ವರ್ಗ. ಕಾಡಿನ ಹಳೆಯ ತೇಗವೂ 1ನೇ ವರ್ಗವೇ. ಬೇಗ ಬೆಳೆಸಿ ಬೇಗ ಕಡಿದ ತೋಟದ ತೇಗ 1ರಿಂದ 3ರ ನಡುವೆ ಎಲ್ಲಾದರೂ ಇರಬಹುದು. ಬೀಚ್ ಗಟ್ಟಿ ಮರ, ಆದರೆ 5ನೇ ವರ್ಗ. ಅಂಗಡಿಯವರು ಜಾಂಕಾ ಅಂಕಿ ಹೇಳಿದಾಗ, ಬಾಳಿಕೆಯ ವರ್ಗ ಎಷ್ಟು ಎಂದು ಕೇಳಿ. ಈ ಎರಡನೇ ಅಂಕಿ ಗೊತ್ತಿಲ್ಲದ ಕಡೆ ಮರ ಕೊಳ್ಳುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಈಗ ಲೇಖನ ಮುಟ್ಟದೇ ಬಿಟ್ಟ ವಿಷಯಕ್ಕೆ ಬರುತ್ತೇನೆ. ಕಠಿಣ ಹವೆಯಲ್ಲಿ ಡೆಕ್ ಕೆಡಿಸುವುದು ಬರೀ ಮಳೆಯಲ್ಲ, ಬರೀ ಬಿಸಿಲೂ ಅಲ್ಲ. ಒಂದಾದ ಮೇಲೊಂದು ಬರುವುದು. ಮರ ಗಾಳಿಯ ತೇವಕ್ಕೆ ತಕ್ಕಂತೆ ತನ್ನ ತೇವವನ್ನು ಬದಲಿಸುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ 30 ಶೇಕಡಾ ಇದ್ದರೆ ಮರದ ತೇವಾಂಶ ನಿಧಾನವಾಗಿ 6ರ ಹತ್ತಿರಕ್ಕೆ ಇಳಿಯುತ್ತದೆ. 65 ಇದ್ದರೆ 12ರ ಹತ್ತಿರ. 90 ಇದ್ದರೆ 20ರ ಹತ್ತಿರ. ತೇವ ಏರಿದಾಗ ಹಲಗೆ ಅಗಲವಾಗುತ್ತದೆ, ಇಳಿದಾಗ ಕಿರಿದಾಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕೇ ಬರುವುದಿಲ್ಲ, ಎಲ್ಲ ಅಗಲದಲ್ಲೇ.

ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. 140 ಮಿಲಿಮೀಟರ್ ಅಗಲದ ಹಲಗೆ ತೆಗೆದುಕೊಳ್ಳಿ. ಒಣ ಕಾಲದಲ್ಲಿ ತೇವಾಂಶ 8, ಮಳೆಗಾಲದಲ್ಲಿ 18 ಎಂದುಕೊಳ್ಳಿ. ಇಪೆ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ವರ್ಷದ ಉಂಗುರದ ದಿಕ್ಕಿನಲ್ಲಿ ಸುಮಾರು 8 ಶೇಕಡಾ ಕುಗ್ಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಹಲಗೆ ಕಾಲದಿಂದ ಕಾಲಕ್ಕೆ ಮೂರೂವರೆ ಮಿಲಿಮೀಟರ್‌ಗೂ ಜಾಸ್ತಿ ಹಿಗ್ಗಿ ಕುಗ್ಗುತ್ತದೆ. ಅದೇ ತರ ಕೊಯ್ದ ತೇಗದ ಹಲಗೆಯಾದರೆ ಎರಡೂವರೆಯಿಂದ ಮೂರರೊಳಗೆ. ತೇಗವನ್ನು ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದಿದ್ದರೆ ಬರೀ ಒಂದು ಚಿಲ್ಲರೆ ಮಿಲಿಮೀಟರ್. ಈಗ ಸಂದು ಬಿಡದೆ ಇಪ್ಪತ್ತು ಇಪೆ ಹಲಗೆ ಒತ್ತಿ ಹಾಸಿದ್ದಾರೆ ಎಂದುಕೊಳ್ಳಿ. ಮಳೆಗಾಲ ಬಂದಾಗ ಅದಕ್ಕೆ ಏಳು ಸೆಂಟಿಮೀಟರ್ ಹೆಚ್ಚು ಜಾಗ ಬೇಕು. ಎಲ್ಲಿಂದ ಬರಬೇಕು? ಸ್ಕ್ರೂ ತಲೆಗಳು ಕಿತ್ತು ಬರುತ್ತವೆ, ಇಲ್ಲವೇ ಹಲಗೆ ಮಧ್ಯದಲ್ಲಿ ಎದ್ದು ನಿಲ್ಲುತ್ತದೆ. ಮರ ಗಟ್ಟಿಯಾದಷ್ಟೂ ಒತ್ತುವ ಬಲವೂ ಹೆಚ್ಚು. ಗಟ್ಟಿತನ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುವುದಿಲ್ಲ.

ಅದಕ್ಕೇ ಹಲಗೆ ಹಾಸುವ ದಿನ ಅದರ ತೇವಾಂಶ ಎಷ್ಟಿದೆ ಎಂದು ತಿಳಿಯಲೇಬೇಕು. ಎರಡು ಸೂಜಿ ಚುಚ್ಚಿ ನೋಡುವ ಮೀಟರ್ ಸಾಕು, ಆದರೆ ಮೀಟರನ್ನು ಆ ಜಾತಿಯ ಮರಕ್ಕೆ ಹೊಂದಿಸಿಕೊಂಡು ಓದಬೇಕು. ಹಲಗೆ ಭಟ್ಟಿಯಲ್ಲಿ ಚೆನ್ನಾಗಿ ಒಣಗಿ ಬಂದಿದ್ದರೆ ಮುಂದೆ ಹಿಗ್ಗುತ್ತದೆ, ಆಗ 5ರಿಂದ 6 ಮಿಲಿಮೀಟರ್ ಸಂದು ಬಿಡಿ. ಗಾಳಿಯಲ್ಲಿ ಅರೆ ಒಣಗಿದ ಹಲಗೆಯಾದರೆ ಮುಂದೆ ಕುಗ್ಗುತ್ತದೆ, ಆಗ 3 ಸಾಕು. ಎಲ್ಲದಕ್ಕೂ ಒಂದೇ ಅಳತೆಯ ಸಂದು ಬಿಟ್ಟು ಹೋಗುವವರನ್ನು ನೋಡಿದ್ದೇನೆ. ಅವರ ಕೆಲಸ ಮೊದಲ ತಿಂಗಳು ಅಂದವಾಗಿಯೇ ಇರುತ್ತದೆ.

ಹವೆ ಕಠಿಣ ಎಂದರೆ ಎಲ್ಲ ಕಡೆ ಒಂದೇ ತರ ಕಠಿಣ ಅಲ್ಲ. ಸದಾ ಬಿರುಬಿಸಿಲಿರುವ ಕಡೆ ಕೊಳೆಯುವ ಭಯ ಕಡಿಮೆ, ಸೀಳುವ ಭಯ ಜಾಸ್ತಿ. ಅಲ್ಲಿ ಕಡಿಮೆ ಕುಗ್ಗುವ ಮರ ಬೇಕು, ಹಲಗೆಯ ಅಗಲವೂ ಕಡಿಮೆ ಇರಬೇಕು. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: ಸಾಂದ್ರವಾದ ಕಪ್ಪು ಮರ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲಾರದಷ್ಟು ಸುಡುತ್ತದೆ. ಮಕ್ಕಳು ಓಡಾಡುವ ಜಾಗವಾದರೆ ಗರಾಪದಂಥ ತಿಳಿ ಬಣ್ಣದ ಮರ ಯೋಚಿಸಿ. ಹಿಮ ಬೀಳುವ ಕಡೆ ತೊಂದರೆ ಬೇರೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಸಣ್ಣ ಬಿರುಕಿನಲ್ಲಿ ನಿಂತ ನೀರು ಪ್ರತಿ ರಾತ್ರಿ ಆ ಬಿರುಕನ್ನು ಸ್ವಲ್ಪ ಸ್ವಲ್ಪ ಅಗಲ ಮಾಡುತ್ತದೆ. ಸಮುದ್ರದ ಪಕ್ಕ ಮರಕ್ಕಿಂತ ಮೊದಲು ಹೋಗುವುದು ಸ್ಕ್ರೂ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ತುಕ್ಕಿನ ಚುಕ್ಕೆ ತೋರಿಸುತ್ತದೆ. 316 ದರ್ಜೆಯದೇ ಬೇಕು, ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು ತಡೆಯುತ್ತದೆ.

ಸಾಲು ಗೀರಿದ ಹಲಗೆ ಬಗ್ಗೆ ಒಂದು ಮಾತು. ಕಾಲು ಜಾರುವುದಿಲ್ಲ ಎಂದು ಅದನ್ನು ಮಾರುತ್ತಾರೆ. ಆ ಗೀರುಗಳಲ್ಲಿ ಮಣ್ಣು, ಎಲೆಯ ಪುಡಿ, ನೀರು ಕೂರುತ್ತದೆ, ಪಾಚಿ ಅಲ್ಲೇ ಹಿಡಿಯುತ್ತದೆ. ಪಾಚಿ ಹಿಡಿದ ಮೇಲೆ ನುಣುಪು ಹಲಗೆಗಿಂತ ಅದೇ ಹೆಚ್ಚು ಜಾರುತ್ತದೆ. ನುಣುಪು ಹಲಗೆಯೂ ಒದ್ದೆಯಾದಾಗ ಜಾರುತ್ತದೆ, ಇಲ್ಲ ಎನ್ನುವುದಿಲ್ಲ. ಪ್ಯಾರಿಸ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ದೊಡ್ಡ ಅಂಗಳಕ್ಕೆ ಇಪೆ ಹಾಸಿದ್ದಾರೆ, ಮಳೆಯಲ್ಲಿ ಜಾರುತ್ತದೆಂದು ಅದರ ಮೇಲೆ ಜಾರದ ಪಟ್ಟಿಗಳನ್ನು ಹಾಕಬೇಕಾಯಿತು. ಮೆಟ್ಟಿಲು, ಇಳಿಜಾರು ಇರುವ ಕಡೆ ಅಂಥ ಪಟ್ಟಿ ಹಾಕಿ. ಉಳಿದ ಕಡೆ ನುಣುಪು ಹಲಗೆ ಹಾಕಿ ಪೊರಕೆಯಿಂದ ಆಗಾಗ ಗುಡಿಸಿದರೆ ಸಾಕು.

ಹಾಗಾದರೆ ಯಾವ ಮರ? ಮಳೆ ಬಿಸಿಲು ಎರಡೂ ಜೋರಿರುವ ಕಡೆ, ನನ್ನ ಕೈಗೆ ಬಿಟ್ಟರೆ, ಹದವಾಗಿ ಒಣಗಿದ ಪೂರ್ತಿ ಕೆಚ್ಚಿನ ತೇಗವೇ ನನ್ನ ಮೊದಲ ಆಯ್ಕೆ. ಗಟ್ಟಿತನದಲ್ಲಿ ಅದು ನಡುವಿನದು. ಆದರೆ ಕಡಿಮೆ ಕುಗ್ಗುತ್ತದೆ, ತಿರುಚುವುದಿಲ್ಲ, ಒಳಗೆ ಎಣ್ಣೆ ಇದೆ. ಅದರಲ್ಲಿ ಸಿಲಿಕಾ ಇರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಅದು ನಮ್ಮ ಕಷ್ಟ, ನಿಮ್ಮದಲ್ಲ. ಜನ ತುಂಬ ಓಡಾಡುವ ಸಾರ್ವಜನಿಕ ಜಾಗವಾದರೆ ಇಪೆ, ಕುಮಾರು ಸರಿ. ಅಲ್ಲಿ ಗಟ್ಟಿತನ ನಿಜವಾಗಿ ಬೇಕು. ನ್ಯೂಯಾರ್ಕ್‌ನ ಕೋನಿ ಐಲೆಂಡ್ ಕಡಲಂಚಿನ ನಡಿಗೆದಾರಿ 1923ರಲ್ಲಿ ತೆರೆಯಿತು. ಆಮೇಲೆ ಅಲ್ಲಿ ಇಪೆಯಂಥ ಉಷ್ಣವಲಯದ ಮರವನ್ನೇ ವರ್ಷಗಟ್ಟಲೆ ಹಾಸಿದರು. ಉಪ್ಪು ಗಾಳಿ, ಹಿಮ, ಲಕ್ಷಾಂತರ ಕಾಲುಗಳು, ಇವನ್ನು ತಡೆಯುವ ಶಕ್ತಿ ಅದಕ್ಕಿದೆ. ಆದರೆ ಮನೆಯ ಹಿಂದಿನ ಸಣ್ಣ ಡೆಕ್‌ಗೆ ಆ ಶಕ್ತಿ ಬೇಕಾಗುವುದಿಲ್ಲ.

ತಂಪು ದೇಶಗಳಲ್ಲಿ ರೊಬಿನಿಯಾ ಎಂಬ ಮರ ಇದೆ. ಬಾಳಿಕೆಯಲ್ಲಿ ಉಷ್ಣವಲಯದ ಮರಗಳ ಸಾಲಿಗೆ ಬರುತ್ತದೆ. ಉದ್ದ, ನೇರ ಹಲಗೆ ಸಿಗುವುದು ಕಷ್ಟ, ಅಷ್ಟೇ. ಆ್ಯಶ್ ಮರವನ್ನು ಹಬೆಯಲ್ಲಿ 180ರಿಂದ 215 ಡಿಗ್ರಿ ತನಕ ಕಾಯಿಸಿ ಮಾಡುವ ಹಲಗೆಗಳೂ ಈಗ ಬರುತ್ತಿವೆ. ಸುಮ್ನೆ ಕೊಯ್ದ ಆ್ಯಶ್ 5ನೇ ವರ್ಗದ ಮರ. ಹಾಗೆ ಕಾಯಿಸಿದ ಮೇಲೆ ಅದು 1 ಅಥವಾ 2ನೇ ವರ್ಗಕ್ಕೆ ಏರುತ್ತದೆ, ಹಿಗ್ಗುವುದೂ ಬಹಳ ಕಡಿಮೆಯಾಗುತ್ತದೆ. ಆ ಕಾವಿನಲ್ಲಿ ಅದರ ಬಲ ಸ್ವಲ್ಪ ಹೋಗಿರುತ್ತದೆ, ಪೆಡಸಾಗಿರುತ್ತದೆ. ಹಾಸಲು ಬಳಸಿ, ಕೆಳಗಿನ ಜಂತಿಗೆ ಬೇಡ. ನನಗೆ ಈ ಹಲಗೆಗಳ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಿದೆ. ಹಳೆಯ ಕಾಡಿನ ಮರ ಕಡಿಯದೆ ಕೆಲಸ ಆಗುತ್ತದೆ ಎನ್ನುವುದು ಸಣ್ಣ ವಿಷಯವಲ್ಲ.

ಕಾಡಿನ ವಿಷಯ ಬಂತು. ಇಪೆ ಮರ ಕಾಡಿನಲ್ಲಿ ಗುಂಪಾಗಿ ಬೆಳೆಯುವುದಿಲ್ಲ, ದೂರ ದೂರ ಒಂದೊಂದು ಇರುತ್ತದೆ. ಒಂದನ್ನು ತೆಗೆಯಲು ಎಷ್ಟೋ ದೂರ ದಾರಿ ಕಡಿಯಬೇಕು. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್. 2022ರಲ್ಲಿ ಪನಾಮಾದಲ್ಲಿ ನಡೆದ ಅದರ ಸಭೆ ಇಪೆ ಮತ್ತು ಕುಮಾರು ಕುಲಗಳನ್ನು ಎರಡನೇ ಅನುಬಂಧಕ್ಕೆ ಸೇರಿಸಿತು. 2024ರ ನವೆಂಬರ್ 25ರಿಂದ ಅದು ಜಾರಿಗೆ ಬಂದಿದೆ. ವ್ಯಾಪಾರ ನಿಷೇಧ ಅಲ್ಲ, ಆದರೆ ಗಡಿ ದಾಟಬೇಕಾದರೆ ಪರವಾನಗಿ ಬೇಕು. ಆ ಕಾಗದ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ರಸೀದಿಯಲ್ಲಿ ಸಸ್ಯಶಾಸ್ತ್ರದ ಹೆಸರನ್ನೂ ಬರೆಸಿಕೊಳ್ಳಿ. ಕುಮಾರುವನ್ನು ಬ್ರೆಜಿಲ್ ತೇಗ ಎಂದು ಮಾರುತ್ತಾರೆ, ಅದಕ್ಕೂ ತೇಗಕ್ಕೂ ಸಂಬಂಧವೇ ಇಲ್ಲ. ಕುಮಾರು ಕೆಟ್ಟ ಮರ ಎಂದಲ್ಲ. ತೇಗ ಎಂದುಕೊಂಡು ತೇಗದ ಸಂದು ಬಿಟ್ಟು ಹಾಸಿದರೆ ಅದು ಹಿಗ್ಗಿ ಎದ್ದು ಬರುತ್ತದೆ.

ಇನ್ನು ಹಲಗೆಯ ಕೆಳಗೆ ನೋಡೋಣ, ಅರ್ಧ ಡೆಕ್‌ಗಳು ಕೆಡುವುದು ಅಲ್ಲಿಂದಲೇ. ಹಳೆಯ ಹಲಗೆ ಮಗುಚಿದಾಗ ಅಡಿಯಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಕಾಣುತ್ತವೆ. ಒಂದೊಂದೂ ಜಂತಿಯಷ್ಟೇ ಅಗಲ, ಜಂತಿ ಇದ್ದ ಜಾಗದಲ್ಲೇ. ಹಲಗೆಯ ಉಳಿದ ಭಾಗ ಬೂದಿ ಬಣ್ಣಕ್ಕೆ ತಿರುಗಿ ಒಣಗಿ ಗಟ್ಟಿಯಾಗಿರುತ್ತದೆ. ಜಂತಿ ಮತ್ತು ಹಲಗೆ ಒಂದಕ್ಕೊಂದು ಅಂಟಿಕೊಂಡ ಕಡೆ ನೀರು ಸಿಕ್ಕಿಕೊಂಡು ದಿನಗಟ್ಟಲೆ ಒಣಗುವುದಿಲ್ಲ. ಸ್ಕ್ರೂ ತೂತು ಆ ನೀರನ್ನು ಜಂತಿಯ ಒಳಕ್ಕೆ ಇಳಿಸುತ್ತದೆ. ಮೇಲೆ 1ನೇ ವರ್ಗದ ಇಪೆ, ಕೆಳಗೆ ಯಾವುದೋ ಮೆದು ಮರದ ಜಂತಿ, ಹೀಗೆ ಕಟ್ಟಿದ ಡೆಕ್‌ನಲ್ಲಿ ಹಲಗೆ ಇನ್ನೂ ಹೊಸತರಂತೆ ಇರುವಾಗಲೇ ಜಂತಿ ಕುಂಬಾಗಿ ಕುಸಿಯುತ್ತದೆ. ಜಂತಿಯ ತಲೆಗೆ ನೀರು ಇಳಿಯದ ಅಂಟುಪಟ್ಟಿ ಹಾಕುವುದು ಸಣ್ಣ ಕೆಲಸ. ಅದನ್ನು ಬಿಡಬೇಡಿ ಎಂದು ನಾನು ಕೈ ಮುಗಿದು ಕೇಳುತ್ತೇನೆ.

ನೆಲಕ್ಕೂ ಜಂತಿಗೂ ನಡುವೆ ಒಂದು ಗೇಣಾದರೂ ಜಾಗ ಇರಲಿ, ಪಕ್ಕಗಳನ್ನು ಪೂರ್ತಿ ಮುಚ್ಚಬೇಡಿ. ಕೆಳಗೆ ತೇವ, ಮೇಲೆ ಬಿಸಿಲು ಆದರೆ ಹಲಗೆಯ ಅಡಿ ಹಿಗ್ಗಿ, ಮೇಲ್ಮೈ ಕುಗ್ಗಿ, ಎರಡೂ ಅಂಚು ಮೇಲೆದ್ದು ನಡುವೆ ನೀರು ನಿಲ್ಲುತ್ತದೆ. ಇದಕ್ಕೆ ಮರದ ಜಾತಿಯನ್ನು ದೂರುವುದು ಸರಿಯಲ್ಲ, ಗಾಳಿ ಆಡದ ಜಾಗ ಕಾರಣ. ಡೆಕ್ ಕೆಳಗಿನ ನೆಲವೂ ಒಂದು ಕಡೆಗೆ ಇಳಿಜಾರಾಗಿರಲಿ. ರಸಮಟ್ಟ ಇಟ್ಟು ನೋಡಿ, ಕಣ್ಣಳತೆ ಬೇಡ.

ಕಡಿದ ತುದಿಗಳು ಹುಲ್ಲಿನ ಕಟ್ಟನ್ನು ನೀರಿನಲ್ಲಿ ನಿಲ್ಲಿಸಿದ ಹಾಗೆ ನೀರು ಹೀರುತ್ತವೆ. ಗರಗಸ ಇಳಿಸಿದ ಕೂಡಲೇ, ಅದೇ ದಿನ, ತುದಿಗೆ ಮೇಣದ ಲೇಪ ಹಚ್ಚಬೇಕು. ನಾಳೆ ಹಚ್ಚೋಣ ಎಂದರೆ ಬಿಸಿಲಲ್ಲಿ ಅಷ್ಟರೊಳಗೆ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಆ ಬಿರುಕು ಮುಂದೆ ಬೆಳೆಯುತ್ತಲೇ ಹೋಗುತ್ತದೆ. ಸ್ಕ್ರೂ ಹಾಕುವ ಮೊದಲು ತೂತು ಕೊರೆಯಲೇಬೇಕು. ತುದಿಯ ಹತ್ತಿರ ಕೊರೆಯದೆ ಹಾಕಿದರೆ ಹಲಗೆ ಸೀಳುತ್ತದೆ. ಇಪೆಯಲ್ಲಂತೂ ಸ್ಕ್ರೂ ತಲೆಯೇ ತುಂಡಾಗುತ್ತದೆ. ಓಕ್, ಮೆರ್ಬಾವ್‌ನಂಥ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ ಇರುವ ಮರಕ್ಕೆ ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ, ಮೊದಲ ಮಳೆಗೇ ಪ್ರತಿ ಸ್ಕ್ರೂ ಸುತ್ತ ಮಸಿಯಂಥ ಕಲೆ ಹರಡುತ್ತದೆ. ಮೆರ್ಬಾವ್ ಮೊದಮೊದಲು ಕಂದು ಬಣ್ಣವನ್ನೂ ಬಿಡುತ್ತದೆ, ಕೆಳಗೆ ಬಿಳಿ ಗೋಡೆ ಅಥವಾ ಕಲ್ಲು ಇದ್ದರೆ ನೆನಪಿಡಿ.

ಎಣ್ಣೆಯ ಬಗ್ಗೆ ಜನ ನನ್ನನ್ನು ಕೇಳುವುದು ಜಾಸ್ತಿ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬುದನ್ನು ಬಿಸಿಲು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಉಳಿದದ್ದು ಬೆಳ್ಳಿ ಬೂದು ಬಣ್ಣ. ಇದು ತೆಳು ಮೇಲ್ಪದರದಲ್ಲಿ ಮಾತ್ರ. ಮರ ಹಾಳಾಗಿಲ್ಲ. ಆ ಬಣ್ಣ ಒಪ್ಪುವುದಾದರೆ ಏನೂ ಹಚ್ಚಬೇಡಿ, ಗುಡಿಸಿ ತೊಳೆದರೆ ಆಯಿತು. ಹಳೆಯ ಬಣ್ಣವೇ ಬೇಕಾದರೆ ಬಣ್ಣದ ಪುಡಿ ಬೆರೆತ, ಮರದೊಳಗೆ ಇಳಿಯುವ ಎಣ್ಣೆ ಹಚ್ಚಿ. ಬಿಸಿಲಿನ ಕಿರಣ ತಡೆಯುವುದು ಆ ಬಣ್ಣದ ಪುಡಿ. ಬಣ್ಣವಿಲ್ಲದ ಎಣ್ಣೆ ಆ ಕೆಲಸ ಮಾಡುವುದಿಲ್ಲ. ತೆಳುವಾಗಿ ಹಚ್ಚಿ, ಹೀರದೆ ಉಳಿದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಹೊಳಪಿನ ವಾರ್ನಿಶ್ ಮಾತ್ರ ಡೆಕ್ ಮೇಲೆ ಬೇಡವೇ ಬೇಡ. ಹಲಗೆ ಹಿಗ್ಗಿದಾಗ ಪದರ ಬಿರಿಯುತ್ತದೆ, ಬಿರುಕಿನಿಂದ ಒಳಹೋದ ನೀರು ಹೊರಬರಲಾರದು, ಕಪ್ಪಾಗಿ ಚಕ್ಕೆ ಏಳುತ್ತದೆ. ಜೋರು ನೀರಿನ ಯಂತ್ರದಿಂದ ತೊಳೆಯುವುದೂ ಬೇಡ. ಅದು ಮೆದು ನಾರನ್ನು ಕಿತ್ತು ಸಿಬಿರು ಎಬ್ಬಿಸುತ್ತದೆ. ಬರಿಗಾಲಿನ ಮಕ್ಕಳ ಪಾದಕ್ಕೆ ಹೋಗುವುದು ಆ ಸಿಬಿರೇ.

ಈಗಾಗಲೇ ಡೆಕ್ ಇರುವವರಿಗೂ ಒಂದು ಸಲಹೆ ಹೇಳಬೇಕು. ಮಳೆಗಾಲ ಮುಗಿದ ಮೇಲೆ ಕೆಳಗೆ ಹೋಗಿ, ಟಾರ್ಚ್ ಹಿಡಿದು ಪ್ರತಿ ಜಂತಿಯ ತಲೆಯನ್ನೂ ಗೋಡೆಗೆ ಸೇರುವ ತುದಿಯನ್ನೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಆ ಜಂತಿಯನ್ನು ಬದಲಿಸುವ ತನಕ ಮೇಲೆ ಜನ ಸೇರಿಸಬೇಡಿ. ಹಲಗೆ ಚೆನ್ನಾಗಿದೆ ಎಂದು ಧೈರ್ಯ ಮಾಡುವುದು ಅಪಾಯ. ಒಳ್ಳೆಯ ಹಲಗೆಗಳನ್ನು ಬಿಚ್ಚಿಟ್ಟುಕೊಂಡು, ಅಡಿಯ ಕಪ್ಪು ಪಟ್ಟಿಗಳನ್ನು ತೋಪಡ ಹೊಡೆದು ನೋಡಿ. ಒಳಗೆ ಗಟ್ಟಿ ಮರ ಸಿಕ್ಕರೆ ಹೊಸ ಜಂತಿಯ ಮೇಲೆ ಅವನ್ನೇ ಮತ್ತೆ ಹಾಸಬಹುದು.

ಸಂಪಾದಕರೇ, ಮುಂದೆ ಈ ವಿಷಯ ಬರೆಯುವಾಗ ಮರದ ಹೆಸರಿನ ಪಕ್ಕ ಜಾಂಕಾ ಅಂಕಿಯ ಜೊತೆ ಬಾಳಿಕೆಯ ವರ್ಗವನ್ನೂ ಕುಗ್ಗುವ ಪ್ರಮಾಣವನ್ನೂ ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ. ಮೂರೂ ಅಂಕಿಗಳು ಮರ ಮಾರುವವರ ಬಳಿ ಕೇಳಿದರೆ ಸಿಗುವಂಥವೇ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಬಡಗಿ, ನಿಮ್ಮ ಪತ್ರಿಕೆಯ ಓದುಗ